ಹಿತ್ತಲ ಗಿಡದ ಪಾಠ: ಶಿರಸಿಯ ಮೇಳಕ್ಕೆ ನಮ್ಮ ಭೇಟಿ

ಈ ಸ್ಮರಣ ಸಂಚಿಕೆಗೆ ಪಾಠರೂಪವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ವ್ಯಾಕರಣವನ್ನೋ ಆರೋಗ್ಯಶಾಸ್ತ್ರವನ್ನೋ ಕುರಿತು ನಾಲ್ಕು ಪುಟ ಬರೆದರಾಯಿತೆಂದು ನಾವು ಎಣಿಸಿದ್ದೆವು. ಆದರೆ ಶಾಲೆಯನ್ನು ಬಿಟ್ಟು ಮನೆಮಕ್ಕಳನ್ನು ನೋಡಿಕೊಳ್ಳುತ್ತಿರುವ, ಕಚೇರಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಸಂಧಿಸಮಾಸಗಳನ್ನು ಪುನಃ ಬೋಧಿಸಿ ಏನು ಫಲ? ಆದಕಾರಣ, ಉಪಾಧ್ಯಾಯಿನಿಯಾಗಿ ಹೋಗಿ ವಿದ್ಯಾರ್ಥಿನಿಯಾಗಿ ಹಿಂದಿರುಗಿದ ಒಂದು ಪ್ರವಾಸದ ಸಂಗತಿಯನ್ನೇ ಪಾಠವಾಗಿ ಬರೆಯಲು ನಿಶ್ಚಯಿಸಿದೆವು. ಅದರಲ್ಲಿ ನಮ್ಮದೊಂದು ತಪ್ಪೂ ಸೇರಿದೆ. ಅದನ್ನು ಮರೆಮಾಚಿದರೆ ಪಾಠವು ಅರ್ಧವಾಗುವದು.

ಹಾಸ್ಟೆಲಿನ ಹಿಂದುಗಡೆ, ಬಾವಿಯ ಬಲಕ್ಕೆ ಇರುವ ಶಾಲಾ ತೋಟವನ್ನು ಮರೆತವರು ನಿಮ್ಮಲ್ಲಿ ಒಬ್ಬರೂ ಇರಲಾರರು. ತರಗತಿಗೊಂದು ಮಡಿ, ಶನಿವಾರ ಬೆಳಗಿನ ಪ್ರಾರ್ಥನೆಯಾದ ಮೇಲೆ ಒಂದು ತಾಸು ಕೆಲಸ, ವಾರ್ಷಿಕೋತ್ಸವದ ದಿವಸ ಪ್ರದರ್ಶನ, ಉತ್ತಮವಾದ ಮಡಿಗೆ ಬಹುಮಾನ. ಆ ಬಹುಮಾನದ ಸಲುವಾಗಿ ಎಂಟನೆಯ ತರಗತಿಯವರು ಒಂಬತ್ತನೆಯ ತರಗತಿಯವರ ಮಡಿಯಿಂದ ಗೊಬ್ಬರವನ್ನು ಕದ್ದು ಸಿಕ್ಕಿಬಿದ್ದ ಕಥೆಯನ್ನು ಇಲ್ಲಿ ಬರೆಯುವದು ಉಚಿತವಲ್ಲ. ಕದ್ದವರಲ್ಲಿ ಕೆಲವರು ಈಗ ಸ್ವತಃ ಉಪಾಧ್ಯಾಯಿನಿಯರಾಗಿದ್ದಾರೆ. ಮೊದಲು ಆ ಮಡಿಗಳನ್ನು ಹಾಕಿಸಿದವರು ಮಿಶನಿನ ವಿದೇಶೀ ಸಹೋದರಿಯರು. ತಮ್ಮ ದೇಶದ ಕೋಸು, ಗಜ್ಜರಿ, ಬೀಟ್‌ರೂಟು, ನವಿಲುಕೋಸುಗಳನ್ನು ಅವರು ಪ್ರೀತಿಯಿಂದ ಇಲ್ಲಿ ಬೆಳೆಸಿದರು. ಅವರ ಕಾಲವು ಮುಗಿದು ಎಷ್ಟೋ ವರ್ಷಗಳಾದರೂ ಬೆಳೆಯ ಪಟ್ಟಿಯು ಮಾತ್ರ ಬದಲಾಗಲಿಲ್ಲ. ನಾವು ಇದೇ ಪದ್ಧತಿಯಲ್ಲಿ ಓದಿದವರು, ಇದೇ ಪದ್ಧತಿಯಲ್ಲಿ ಕಲಿಸಿದವರು. ಬಸಳೆ, ಹರಿವೆ, ಕೆಸುಗಳು ಮನೆಯ ಹಿತ್ತಲಿಗೆ ಸಲ್ಲುವಂಥವು, ಶಾಲೆಯಲ್ಲಿ ಕಲಿಯತಕ್ಕಂಥವಲ್ಲ ಎಂಬದು ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯ ಅರ್ಥವನ್ನು ಪರೀಕ್ಷೆಯಲ್ಲಿ ಕೇಳುತ್ತಿದ್ದವರೂ ನಾವೇ.

ಶಾಲೆಯ ಮಡಿಯ ಈ ಕಲ್ಪನೆಗೆ ಯುರೋಪಿನಲ್ಲಿ ಒಂದು ಚರಿತ್ರೆ ಉಂಟು. ಇಂಗ್ಲೆಂಡಿನಲ್ಲಿ ಸ್ವಂತ ಭೂಮಿಯಿಲ್ಲದ ಪಟ್ಟಣವಾಸಿಗಳಿಗೆ ಕಾಯಿಪಲ್ಯ ಬೆಳೆಯುವದಕ್ಕೆ ಸಣ್ಣ ತುಂಡು ನೆಲವನ್ನು ಕಡಿಮೆ ಬಾಡಿಗೆಗೆ ಕೊಡುವ ಏರ್ಪಾಡಿದೆ. 1908ರ ಕಾನೂನು ಈ ಭಾರವನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ವಾಡಿಕೆಯ ಅಳತೆಯ ಒಂದು ತುಂಡು ಸುಮಾರು 250 ಚದರ ಮೀಟರ್, ಎಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಬೆಳೆಯ ಕಾಲವು ಮುಗಿಯುತ್ತ ಬಂದಾಗ ಅವರೆಲ್ಲ ಒಂದು ಸಭಾಗೃಹದಲ್ಲಿ ತಂತಮ್ಮ ಈರುಳ್ಳಿ, ಕುಂಬಳ, ಬಟಾಟೆಗಳನ್ನು ಸಾಲಾಗಿ ಇಟ್ಟು ಪ್ರದರ್ಶನ ನಡೆಸುವರು. ತೀರ್ಪುಗಾರರು ಅಳತೆಪಟ್ಟಿ ಹಿಡಿದು ಬರುವರು. ಜರ್ಮನಿಯ ಕಥೆಯು ಉಪಾಧ್ಯಾಯರಿಗೆ ಇನ್ನೂ ರುಚಿಸುವಂಥದು. ಲೈಪ್ಸಿಗ್ ಪಟ್ಟಣದಲ್ಲಿ 1865ರಲ್ಲಿ ಮಕ್ಕಳಿಗಾಗಿ ಒಂದು ಆಟದ ಬಯಲನ್ನು ಮಾಡಿ ಅದಕ್ಕೆ ಶ್ರೇಬರ್ ಎಂಬ ವೈದ್ಯರ ಹೆಸರನ್ನಿಟ್ಟರು. ಮುಂದೆ ಗೆಸೆಲ್ ಎಂಬ ಉಪಾಧ್ಯಾಯರು ಆ ಬಯಲಿನ ಅಂಚಿನಲ್ಲಿ ಮಕ್ಕಳಿಗೋಸ್ಕರ ಚಿಕ್ಕ ಚಿಕ್ಕ ಮಡಿಗಳನ್ನು ಹಾಕಿಸಿದರು. ಮಕ್ಕಳಿಗೆ ಬಲುಬೇಗನೆ ಬೇಸರ ಬಂತು, ಮಡಿಗಳಲ್ಲಿ ಕಳೆ ತುಂಬಿತು. ಆಗ ತಂದೆತಾಯಿಗಳು ಗುದ್ದಲಿ ಹಿಡಿದರು. ಇಂದಿಗೂ ಜರ್ಮನರು ಇಂಥ ಕೈತೋಟಗಳನ್ನು ಶ್ರೇಬರ್ ತೋಟಗಳೆಂದೇ ಕರೆಯುವರು. ಗೆಸೆಲರ ಹೆಸರು ಅಷ್ಟಾಗಿ ಉಳಿಯಲಿಲ್ಲ. ಉಪಾಧ್ಯಾಯರ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ!

ನಮ್ಮ ನಾಡಿನಲ್ಲಿ ಪ್ರದರ್ಶನವೆಂದರೆ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೇ ನೆನಪಿಗೆ ಬರುವದು. ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಅಂದವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಹೂಗಳಿಂದ ಕಟ್ಟಿದ ಗೋಪುರವನ್ನು ನೋಡಿ ಬಂದ ಹುಡುಗಿಯು ಮನೆಯಲ್ಲಿ ಒಂದು ಗಿಡವನ್ನು ನೆಟ್ಟದ್ದನ್ನು ನಾವು ಕಂಡದ್ದು ಅಪರೂಪ. ಆದ್ದರಿಂದಲೇ ಒಂದು ಜೂನ್ ತಿಂಗಳಿನಲ್ಲಿ, ಮೃಗಶಿರಾ ಮಳೆ ಹಿಡಿದ ಕೆಲವೇ ದಿನಗಳಲ್ಲಿ, ಒಂಬತ್ತು ಮತ್ತು ಹತ್ತನೆಯ ತರಗತಿಗಳ 28 ಮಂದಿ ಹುಡುಗಿಯರನ್ನು ಕರೆದುಕೊಂಡು ದೇವಿಮನೆ ಘಟ್ಟವನ್ನು ಹತ್ತಿ ನಾವು ಶಿರಸಿಗೆ ಹೋದೆವು. ವನಸ್ತ್ರೀ ಎಂಬ ಸ್ತ್ರೀಯರ ಸಂಘವೊಂದು ಅಲ್ಲಿ 2001ರಲ್ಲಿ ಹುಟ್ಟಿತು. ಮಲೆನಾಡಿನ ಹೆಣ್ಣುಮಕ್ಕಳು ತಂತಮ್ಮ ಹಿತ್ತಲಿನ ಬೀಜಗಳನ್ನು ಕಾಪಾಡಿ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವದು ಅದರ ಮುಖ್ಯ ಕಾರ್ಯ. ಮಳೆಗಾಲದ ಆರಂಭದಲ್ಲಿ ಅವರು ನಡೆಸುತ್ತ ಬಂದ ಮಲೆನಾಡು ಮೇಳವನ್ನು ನೋಡುವದು ನಮ್ಮ ಉದ್ದೇಶವಾಗಿತ್ತು. ಘಟ್ಟದ ತಿರುವುಗಳಲ್ಲಿ ಆರು ಮಂದಿಗೆ ವಾಂತಿಯಾಯಿತು. ನಿಂಬೆಹಣ್ಣುಗಳನ್ನು ತಂದಿದ್ದ ಅಡಿಗೆಯ ಅಕ್ಕನವರಿಗೆ ನಾವು ಋಣಿಗಳು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಸೀಮೆಯನ್ನು ಕರಾವಳಿಯ ನಮ್ಮ ಹುಡುಗಿಯರಲ್ಲಿ ಅನೇಕರು ನೋಡಿರಲಿಲ್ಲ. ಇಲ್ಲಿ ತೋಟವೆಂದರೆ ಅಡಕೆಯ ತೋಟ. ಎರಡು ಗುಡ್ಡಗಳ ನಡುವಿನ ತಂಪಾದ ಕಣಿವೆಯಲ್ಲಿ ಅಡಕೆಯ ಮರಗಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಬಾಳೆ, ಏಲಕ್ಕಿ. 1801ರಲ್ಲಿ ಸೋಂದೆ, ಶಿರಸಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಖಾನನ್ ಈ ತೋಟಗಳ ವಿಚಾರವನ್ನು ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿದ್ದಾನೆ. ತೋಟಕ್ಕೆ ಬೇಕಾದ ಸೊಪ್ಪು, ದರಕುಗಳನ್ನು ತರುವದಕ್ಕೆ ಪಕ್ಕದ ಕಾಡಿನಲ್ಲಿ ಬೆಟ್ಟದ ಹಕ್ಕು ಎಂಬದೊಂದಿದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿ. ಅಡಕೆಯನ್ನು ಮಾರುವದಕ್ಕೆ 1923ರಲ್ಲಿಯೇ ಶಿರಸಿಯ ತೋಟಿಗರು ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಈ ಮೂರು ತಾಲೂಕುಗಳ ಅಡಕೆಗೆ ಶಿರಸಿ ಸುಪಾರಿ ಎಂಬ ಹೆಸರಿನಿಂದ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಹೀಗೆ ಅಡಕೆಗೆ ಗ್ರಂಥವಿದೆ, ಹಕ್ಕಿದೆ, ಸಂಘವಿದೆ, ಸರಕಾರದ ಮುದ್ರೆಯಿದೆ. ಮನೆಯ ಹಿಂದಿನ ಹಿತ್ತಲಿಗೆ ಏನಿದೆ? ಅದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಮುಂಜಾನೆ ಕೊಟ್ಟಿಗೆಯ ಕೆಲಸ ಮುಗಿದು ಮಧ್ಯಾಹ್ನದ ಅಡಿಗೆಗೆ ಒಲೆ ಹಚ್ಚುವದರೊಳಗೆ ಸಿಕ್ಕಿದ ಅರ್ಧ ತಾಸಿನಲ್ಲಿ ಹೆಂಗಸರು ಅದನ್ನು ನಡೆಸುವರು. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಪೇಟೆಯ ಹಾದಿ ಕಟ್ಟಿದಾಗ ಮನೆಮಂದಿಯ ಊಟವು ಈ ಹಿತ್ತಲಿನಿಂದಲೇ ನಡೆಯುತ್ತಿತ್ತು. ಗಂಡಸರು ತೋಟವನ್ನು ಹಂಚಿಕೊಂಡ ದಸ್ತೈವಜುಗಳನ್ನು ನಾವು ಕಂಡಿದ್ದೇವೆ. ಹೆಣ್ಣುಮಗಳಿಗೆ ತವರಿನಿಂದ ಬಂದ ಆಸ್ತಿಯೆಂದರೆ ಸೆರಗಿನಲ್ಲಿ ಕಟ್ಟಿಕೊಂಡು ತಂದ ನಾಲ್ಕು ಬೀಜ, ಎರಡು ಗಡ್ಡೆ.

ಮೇಳದ ಚಪ್ಪರದೊಳಗೆ ಕಾಲಿಟ್ಟಾಗ ನಮ್ಮ ಹುಡುಗಿಯರ ಮುಖದಲ್ಲಿ ನಿರಾಶೆ ಕಂಡಿತು. ಗೋಪುರವಿಲ್ಲ, ಹೂವಿನ ಆನೆಯಿಲ್ಲ. ಮೇಜುಗಳ ಮೇಲೆ ಬಾಳೆಲೆ, ಬುಟ್ಟಿ, ಗೆರಟೆಗಳಲ್ಲಿ ಬೀಜಗಳು. ಅಳಸಂದೆ, ಕತ್ತಿಅವರೆ, ಹೀರೆ, ಪಡುವಲ, ಸೋರೆ, ಬೂದುಗುಂಬಳ, ಬಿಳಿಬೆಂಡೆ, ಕೆಂಪು ಹರಿವೆ. ಪಕ್ಕದಲ್ಲಿ ಮಣ್ಣು ಮೆತ್ತಿದ ಸುವರ್ಣಗಡ್ಡೆ, ಕೆಸು, ಕೂವೆ, ಅರಿಸಿನದ ಗಡ್ಡೆಗಳು. ಆ ಕಡೆ ಪತ್ರೊಡೆ, ತೊಡದೇವು, ಹಲಸಿನ ಹಪ್ಪಳ. ಹುಡುಗಿಯರ ನಿರಾಶೆಯು ಅಲ್ಲಿಗೆ ಹೋದ ಮೇಲೆ ಪರಿಹಾರವಾಯಿತು. ನಾವು ಮಾತ್ರ ಒಂದು ಸಂಗತಿಯನ್ನು ಗಮನಿಸುತ್ತಿದ್ದೆವು. ಇಂಗ್ಲೆಂಡಿನ ಪ್ರದರ್ಶನದಲ್ಲಿ ಬೆಳೆದ ಕಾಯಿಯನ್ನು ಇಟ್ಟು ಅದರ ಗಾತ್ರಕ್ಕೆ ಬಹುಮಾನ ಕೊಡುವರು. ಇಲ್ಲಿ ಇಟ್ಟದ್ದು ಮುಂದೆ ಬೆಳೆಯತಕ್ಕದ್ದು, ಮತ್ತು ಅದನ್ನು ನೋಡಿ ಮೆಚ್ಚಿದವರು ಬರಿಗೈಯಲ್ಲಿ ಹೋಗುವಂತಿಲ್ಲ.

ನಮಗೆ ಮೊದಲ ಪೆಟ್ಟು ಬಿದ್ದದ್ದು ಡೇರೆಯ ಗಡ್ಡೆಗಳ ಮುಂದೆ. ಡೇಲಿಯಾ ಹೂವನ್ನು ಈ ಸೀಮೆಯವರು ಡೇರೆ ಎನ್ನುವರು. ಮೆಕ್ಸಿಕೋ ದೇಶದ ಆ ಗಿಡಕ್ಕೆ 1791ರಲ್ಲಿ ಸ್ಪೇನಿನ ಕವನಿಲ್ಲೆಸ್ ಎಂಬ ಸಸ್ಯಶಾಸ್ತ್ರಜ್ಞರು ಸ್ವೀಡನ್ನಿನ ಆಂಡ್ರಿಯಾಸ್ ಡಾಲ್ ಎಂಬವರ ನೆನಪಿಗಾಗಿ ಹೆಸರಿಟ್ಟರು; ಅದು ಮಲೆನಾಡಿನ ಅಂಗಳಕ್ಕೆ ಬಂದು ಕನ್ನಡದ ಹೆಸರನ್ನು ಪಡೆದು ಮನೆಮಗಳಾಗಿಬಿಟ್ಟಿದೆ. ಮಳೆಗಾಲದಲ್ಲಿ ಯಾರ ಅಂಗಳದಲ್ಲಿ ಎಷ್ಟು ಬಣ್ಣದ ಡೇರೆಯಿದೆ ಎಂಬದು ಅಲ್ಲಿಯ ಹೆಂಗಸರಿಗೆ ದೊಡ್ಡ ಸುದ್ದಿ. ನಮ್ಮ ಶಾಲೆಯಲ್ಲಿಯೂ ಎರಡು ವರ್ಷ ಡೇರೆ ನೆಟ್ಟಿದ್ದೆವು, ಒಂದೂ ಮೊಳೆತಿರಲಿಲ್ಲ. ಕರಾವಳಿಯ ಹವೆಯು ಒಗ್ಗುವದಿಲ್ಲವೆಂದು ನಾವು ತರಗತಿಯಲ್ಲಿ ಕಾರಣವನ್ನೂ ಹೇಳಿದ್ದೆವು. ಅದನ್ನೇ ಅಲ್ಲಿ ಹೇಳಿದಾಗ ಯಲ್ಲಾಪುರದ ಕಡೆಯ ಒಬ್ಬ ವಯೋವೃದ್ಧೆಯು, "ಗಡ್ಡೆಯನ್ನು ಹ್ಯಾಗೆ ಬಿಡಿಸಿದಿರಿ, ಅಕ್ಕೋರೇ?" ಎಂದು ಕೇಳಿದಳು. ಒಂದೊಂದಾಗಿ ಮುರಿದು ನೆಟ್ಟೆವೆಂದೆವು. ಆಕೆಯು ನಕ್ಕು ಒಂದು ಗೊಂಚಲನ್ನು ಕೈಗೆತ್ತಿಕೊಂಡು, "ಬಟಾಟೆಗೆ ಮೈಯೆಲ್ಲಾ ಕಣ್ಣು. ಇದಕ್ಕೆ ಕುತ್ತಿಗೆಯಲ್ಲಿ ಮಾತ್ರ ಕಣ್ಣು. ಕುತ್ತಿಗೆ ಮುರಿದು ನೆಟ್ಟರೆ ಗಡ್ಡೆ ಅಲ್ಲೇ ಕೊಳೆಯುತ್ತದೆ" ಎಂದಳು.

ಇದು ಶಾಸ್ತ್ರಕ್ಕೆ ಪೂರ್ಣವಾಗಿ ಒಪ್ಪುವ ಮಾತು. ಬಟಾಟೆಯು ಮಣ್ಣಿನೊಳಗೆ ಉಬ್ಬಿದ ಕಾಂಡ. ಕಾಂಡವಾದ್ದರಿಂದ ಅದರ ಮೇಲೆಲ್ಲ ಮೊಗ್ಗುಗಳಿರುವವು. ಡೇರೆಯ ಗಡ್ಡೆಯು ಉಬ್ಬಿದ ಬೇರು. ಬೇರಿನಲ್ಲಿ ಮೊಗ್ಗುಗಳಿಲ್ಲ, ಹಳೆಯ ಕಾಂಡದ ಬುಡಕ್ಕೆ ಅದು ಅಂಟಿರುವಲ್ಲಿ ಮಾತ್ರ ಇರುವವು. ಬೇರು ಕಾಂಡಗಳ ಭೇದವನ್ನು ನಾವು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವರು. ಆ ಭೇದವನ್ನು ಗಡ್ಡೆ ಹಿಡಿದು ನೆಡುವಾಗ ನೆನೆಯಲಿಲ್ಲ. ಅಪರಾಧವನ್ನು ಹವೆಯ ಮೇಲೆ ಹೊರಿಸಿದೆವು. ಹತ್ತಿರ ನಿಂತಿದ್ದ ಹುಡುಗಿಯರು ನಮ್ಮ ಮುಖವನ್ನು ನೋಡದೆ ಗಡ್ಡೆಗಳನ್ನೇ ನೋಡುತ್ತಿದ್ದರು. ಆ ಮರ್ಯಾದೆಯನ್ನು ನಾವು ಮರೆಯುವದಿಲ್ಲ.

ಇನ್ನು ಬೀಜಗಳ ವಿಷಯ. ಮನೆಯಲ್ಲಿ ಬೀಜ ಹಿಡಿಯಬೇಕೆನ್ನುವ ಹಳೆಯ ವಿದ್ಯಾರ್ಥಿನಿಯರಿಗೆ ಉಪಯೋಗವಾದೀತೆಂದು ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ. ಬಳ್ಳಿಯ ಮೊದಲನೆಯ ಕಾಯಿಗಳಲ್ಲಿ ಚೆನ್ನಾದದ್ದೊಂದನ್ನು ಬೀಜಕ್ಕೆಂದು ಆರಿಸಿ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಬೇಕು. ಎಲ್ಲವನ್ನು ಪಲ್ಯಕ್ಕೆ ಕೊಯ್ದು ಕೊನೆಗುಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವದು ಬಡತನದ ಲೆಕ್ಕ. ಸೊಟ್ಟ ಕಾಯಿಯ ಸಂತತಿಯೇ ಮುಂದೆ ಬರುವದು. ಹೀರೆ, ಸೋರೆಗಳು ಬಳ್ಳಿಯಲ್ಲಿಯೇ ಒಣಗಬೇಕು. ಅನಂತರ ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗಹಾಕುವರು. ಮೊಗೆಕಾಯಿಯನ್ನು ಬಾಳೆಯ ಪಟ್ಟೆಯಿಂದ ಕಟ್ಟಿ ಅಟ್ಟದ ಜಂತೆಗೆ ತೂಗಿಸುವರು. ತಿರುಳಿನ ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಬೂದಿಯಲ್ಲಿ ಬೆರೆಸಿಡುವರು. ಕೆಲವರು ಸಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿಬಿಡುವರು. ಬೂದಿಯು ಹಸಿಯನ್ನು ಹೀರಿ ಹುಳವನ್ನು ದೂರವಿಡುವದು. ಬೀಜದ ಶತ್ರುಗಳು ಎರಡೇ, ತೇವ ಮತ್ತು ಸೆಕೆ. ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲಣ ಅಟ್ಟವಲ್ಲದೆ ಮನೆಯಲ್ಲಿ ಒಣ ಜಾಗ ಮತ್ತೊಂದಿಲ್ಲ.

ತಳಿಯ ಶುದ್ಧಿಯ ವಿಷಯದಲ್ಲಿ ಎಲ್ಲ ಗಿಡಗಳು ಒಂದೇ ಸಮನಲ್ಲ. ಅವರೆ, ಅಳಸಂದೆಗಳಲ್ಲಿ ಹೂವು ಅರಳುವ ಹೊತ್ತಿಗೆ ಪರಾಗಸ್ಪರ್ಶವು ಹೆಚ್ಚಾಗಿ ತನ್ನಲ್ಲಿಯೇ ನಡೆದುಹೋಗಿರುವದು. ಪಕ್ಕದಲ್ಲಿ ಬೇರೆ ತಳಿಯಿದ್ದರೂ ಚಿಂತೆ ಕಡಿಮೆ. ಸೌತೆ, ಕುಂಬಳ, ಹೀರೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನುಹುಳವು ನೆರೆಮನೆಯ ಹಿತ್ತಲಿನ ಪರಾಗವನ್ನೂ ತಂದು ಬೆರೆಸುವದು. ಶುದ್ಧವಾದ ತಳಿ ಬೇಕಾದರೆ, ಮರುದಿನ ಅರಳಲಿರುವ ಹೆಣ್ಣು ಮೊಗ್ಗನ್ನೂ ಅದೇ ತಳಿಯ ಗಂಡು ಮೊಗ್ಗನ್ನೂ ಮುನ್ನಾದಿನದ ಸಂಜೆಯೇ ನೂಲಿನಿಂದ ಮೆಲ್ಲಗೆ ಕಟ್ಟಿ, ಅರಳುವ ಹೊತ್ತಿಗೆ ಬಿಚ್ಚಿ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಾಗಿಸಿ, ಹೆಣ್ಣು ಹೂವನ್ನು ಪುನಃ ಕಟ್ಟಿಬಿಡಬೇಕು. ಹೀರೆಯ ಹೂವು ಸಂಜೆಗೇ ಅರಳುವದೆಂಬದನ್ನು ಮಾತ್ರ ನೆನಪಿಡತಕ್ಕದ್ದು.

ಪೇಟೆಯ ಪೊಟ್ಟಣದ ಬೀಜದಿಂದ ಬೆಳೆದ ಕಾಯಿಯ ಬೀಜವನ್ನು ಹಿಡಿದಿಟ್ಟರೆ ಏಕೆ ಅದೇ ಕಾಯಿ ಬರುವದಿಲ್ಲವೆಂದು ಒಬ್ಬ ಹುಡುಗಿಯು ಹಿಂತಿರುಗುವಾಗ ಕೇಳಿದಳು. ಉತ್ತರವನ್ನು ಆಸ್ಟ್ರಿಯಾ ದೇಶದ ಒಬ್ಬ ಸನ್ಯಾಸಿಯು 1866ರಲ್ಲಿ ಪ್ರಕಟಿಸಿದ್ದಾನೆ. ಬ್ರನ್ ಪಟ್ಟಣದ ಮಠದ ತೋಟದಲ್ಲಿ ಗ್ರೆಗೋರ್ ಮೆಂಡೆಲನು ಬಟಾಣಿಯ ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡಿದಾಗ ಮೊದಲ ಪೀಳಿಗೆಯ ಗಿಡಗಳೆಲ್ಲ ಎತ್ತರವಾಗಿ ಒಂದೇ ಸಮನಾಗಿ ಬಂದವು. ಅವುಗಳ ಬೀಜವನ್ನು ಬಿತ್ತಿದಾಗ ಮೂರು ಎತ್ತರಕ್ಕೆ ಒಂದು ಗಿಡ್ಡದಂತೆ ಮರೆಯಾಗಿದ್ದ ಗುಣವು ಹೊರಬಿತ್ತು. ಹೈಬ್ರಿಡ್ ಪೊಟ್ಟಣದಲ್ಲಿರುವದು ಆ ಮೊದಲ ಪೀಳಿಗೆ. ಫಸಲು ಸಮನಾಗಿ ಬರುವದು, ಆದರೆ ಅದರ ಮಕ್ಕಳು ಚದರಿಹೋಗುವರು. ಪ್ರತಿ ವರ್ಷವೂ ಪುನಃ ಕೊಳ್ಳಬೇಕು. ಹೈಬ್ರಿಡ್ ಬೀಜವನ್ನು ನಾವು ನಿಂದಿಸುವದಿಲ್ಲ. ಮಾರುವದಕ್ಕೆಂದೇ ಬೆಳೆಯುವ ರೈತನಿಗೆ ಅದರಿಂದ ಅನುಕೂಲವಿರಬಹುದು. ಮನೆಯಲ್ಲಿ ಹಿಡಿದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚುವ ಹಕ್ಕನ್ನು ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನು ಒಪ್ಪಿಕೊಂಡಿದೆ. ಆದರೆ ಹಿಡಿದಿಟ್ಟ ಬೀಜವೇ ಇಲ್ಲದ ಮನೆಯಲ್ಲಿ ಆ ಹಕ್ಕಿನಿಂದ ಏನು ಪ್ರಯೋಜನ?

ಆಗ ನಮ್ಮ ಶಾಲಾ ತೋಟವು ನೆನಪಾಯಿತು. ಗಜ್ಜರಿ, ಕೋಸು, ಬೀಟ್‌ರೂಟುಗಳ ಶೀತದೇಶದ ತಳಿಗಳು ಒಂದು ಚಳಿಗಾಲದ ಕೊರೆತವನ್ನು ಅನುಭವಿಸಿದ ಮೇಲೆಯೇ ಹೂಬಿಟ್ಟು ಬೀಜ ಕಟ್ಟುವವು. ಕರಾವಳಿಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ನಮ್ಮ ಮಡಿಗಳಲ್ಲಿ ಗಡ್ಡೆಯಾಯಿತು, ಎಲೆಯಾಯಿತು, ಬಹುಮಾನವಾಯಿತು. ಒಂದು ವರ್ಷವಾದರೂ ಬೀಜವಾಗಲಿಲ್ಲ. ಬಿತ್ತುವವನ ಸಾಮ್ಯವನ್ನು ಪ್ರತಿ ವರ್ಷ ಬೈಬಲ್ ತರಗತಿಯಲ್ಲಿ ಕಲಿಸುತ್ತಿದ್ದ ಶಾಲೆಯಲ್ಲಿ ಬಿತ್ತುವ ಬೀಜವನ್ನು ಮಾತ್ರ ಅಂಗಡಿಯಿಂದ ತರುತ್ತಿದ್ದೆವು. ವಿದೇಶೀ ಗಿಡವೆಂಬುದು ದೋಷವಲ್ಲ. ಮೆಣಸಿನಕಾಯಿ, ಗೇರು, ಪೇರಲ, ಗೆಣಸು ಇವೆಲ್ಲ ಅಮೇರಿಕ ಖಂಡದಿಂದ ಬಂದವುಗಳೇ. ಆದರೆ ಅವು ಇಲ್ಲಿಯ ಮಣ್ಣಿನಲ್ಲಿ ಸಂತಾನ ಬೆಳೆಸಿದವು. ಗಜ್ಜರಿಯು ನಮ್ಮಲ್ಲಿ ಎಂದೆಂದಿಗೂ ಅತಿಥಿಯಾಗಿಯೇ ಉಳಿಯಿತು.

ಈಗ ನಮ್ಮ ತಪ್ಪಿನ ವಿಷಯ. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಹುಡುಗಿ ಎಂಟನೆಯ ತರಗತಿಯಲ್ಲಿರುವಾಗ ಕ್ರಿಸ್ಮಸ್ ರಜೆಯನ್ನು ಮುಗಿಸಿ ಬರುತ್ತ, ಅಜ್ಜಿ ಕೊಟ್ಟ ಮೊಗೆಕಾಯಿಯ ಬೀಜವನ್ನು ಚಿಂದಿಯಲ್ಲಿ ಕಟ್ಟಿಕೊಂಡು ತಂದಿದ್ದಳು. ಗದ್ದೆಯ ಕೊಯ್ಲಾದ ಮೇಲೆ ಬಿತ್ತಿ ಬೇಸಗೆಯಲ್ಲಿ ಕೊಯ್ದು ಮಳೆಗಾಲಕ್ಕೆ ಉಳಿಸುವ ಕಾಯಿ ಅದು. ತನ್ನ ತರಗತಿಯ ಮಡಿಯಲ್ಲಿ ಹಾಕಬಹುದೇ ಎಂದು ಕೇಳಿದಳು. ಗಜ್ಜರಿಯ ಮಡಿಯದು, ಮೊಗೆಯ ಬಳ್ಳಿ ಎಲ್ಲವನ್ನು ಮುಚ್ಚಿಬಿಡುವದು, ಮೊಗೆಕಾಯಿಯು ಎಲ್ಲರ ಮನೆಯಲ್ಲಿಯೂ ಬೆಳೆಯುವದು, ಅದನ್ನು ಇಲ್ಲಿ ಕಲಿಯಬೇಕೇ ಎಂದು ನಾವು ಹೇಳಿದೆವು. ಗದರಿಸಲಿಲ್ಲ, ನಗುತ್ತಲೇ ಹೇಳಿದೆವು. ನಗುತ್ತ ಹೇಳಿದ್ದೇ ಹೆಚ್ಚು ನೋಯಿಸಿತೆಂದು ಈಗ ತೋರುವದು. ಬೀಜದ ಗಂಟು ಹಾಸ್ಟೆಲಿನ ಶೆಲ್ಫಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ವಾರದ ಸ್ವಚ್ಛತೆಯಲ್ಲಿ ಯಾರೋ ಗುಡಿಸಿ ಹಾಕಿದರು. ನಮಗೆ ಅದರ ನೆನಪೂ ಇರಲಿಲ್ಲ.

ಮೇಳದಲ್ಲಿ ಆ ಹುಡುಗಿಯು, ಆಗ ಹತ್ತನೆಯ ತರಗತಿಯವಳು, ಊಟಕ್ಕೆ ಬಾರದೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಏನನ್ನೋ ವಿಚಾರಿಸುತ್ತಿದ್ದಳು. ಹತ್ತಿರ ಹೋಗಿ ಕೇಳಿದೆವು. "ನಮ್ಮ ಅಜ್ಜಿಯ ಮೊಗೆಕಾಯಿ ಹುಡುಕುತ್ತಿದ್ದೇನೆ, ಅಕ್ಕೋರೇ" ಎಂದಳು. ಅಜ್ಜಿಯ ಹತ್ತಿರವೇ ಕೇಳಬಾರದೇ ಎಂದದ್ದಕ್ಕೆ, ಆ ವರ್ಷವೇ ಅಜ್ಜಿಯು ಹಾಸಿಗೆ ಹಿಡಿದಳೆಂದೂ, ಗದ್ದೆಯಲ್ಲಿ ಬಿತ್ತುವವರಿಲ್ಲದೆ ಹೋಯಿತೆಂದೂ, ಮಳೆ ಬರುವದಕ್ಕೆ ಮೊದಲೇ ತೀರಿಕೊಂಡಳೆಂದೂ, ಮನೆಯಲ್ಲಿದ್ದ ಬೀಜವೆಲ್ಲವನ್ನೂ ಅಜ್ಜಿಯು ತನಗೇ ಕೊಟ್ಟು ಕಳುಹಿಸಿದ್ದಳೆಂದೂ ಹೇಳಿದಳು. ನಮ್ಮನ್ನು ದೂರಲಿಲ್ಲ. ಶೆಲ್ಫಿನ ಮಾತನ್ನೂ ಎತ್ತಲಿಲ್ಲ. ಅದನ್ನು ಅನಂತರ ಆಕೆಯ ಗೆಳತಿಯು ನಮಗೆ ತಿಳಿಸಿದಳು.

ಆ ದಿವಸ ನಾವು ಅವಳೊಂದಿಗೆ ಉಳಿದ ಮೇಜುಗಳನ್ನೆಲ್ಲ ಸುತ್ತಿದೆವು. ಕಾಯಿಯ ಗುರುತುಗಳನ್ನು ಅವಳು ಹೇಳುತ್ತಿದ್ದಳು, ಸ್ತ್ರೀಯರು ಯೋಚಿಸಿ ಉತ್ತರ ಕೊಡುತ್ತಿದ್ದರು. ಇಂಥ ಊರಿನಲ್ಲಿ ಇತ್ತು, ಇಂಥವರ ಸೊಸೆ ತಂದಿದ್ದಳು, ಈಗ ಕಾಣೆವು. ಹೀಗೆ ಅರ್ಧ ತಾಲೂಕಿನ ಚರಿತ್ರೆಯನ್ನು ಮೊಗೆಕಾಯಿಯ ಮೂಲಕ ಕೇಳಿದೆವು. ಕೊನೆಗೆ ಒಬ್ಬರು ಸಮೀಪದ್ದೆಂದು ತೋರುವ ಹನ್ನೊಂದು ಬೀಜಗಳನ್ನು ಕೊಟ್ಟರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಬೆಳೆದ ಮೇಲೆ ಇಬ್ಬರಿಗೆ ಕೊಡಬೇಕೆಂದರು.

ಆರು ತಿಂಗಳು ಆ ಬೀಜಗಳು ಬೂದಿ ತುಂಬಿದ ಡಬ್ಬಿಯಲ್ಲಿ ನಮ್ಮ ಕೋಣೆಯಲ್ಲಿಯೇ ಇದ್ದವು. ಜನವರಿಯಲ್ಲಿ ಹತ್ತನೆಯ ತರಗತಿಯ ಮಡಿಯಲ್ಲಿ ಗಜ್ಜರಿಯನ್ನು ಬಿಟ್ಟು ಅವನ್ನು ಹಾಕಿದೆವು. ಏಳು ಮೊಳೆತವು; ಎರಡನ್ನು ಬಸವನಹುಳು ತಿಂದಿತು. ಐದು ಬಳ್ಳಿಗಳು ನಾವು ಹೇಳಿದ್ದಂತೆಯೇ ಇಡೀ ಮಡಿಯನ್ನು ಮುಚ್ಚಿ ಪಕ್ಕದ ಮಡಿಗೂ ಹೋದವು. ಪರೀಕ್ಷೆ ಮುಗಿದು ಹಾಸ್ಟೆಲನ್ನು ಬಿಡುವ ದಿವಸ ಮೊದಲ ಕಾಯಿಯನ್ನು ಕೊಯ್ದು ಹುಳಿ ಮಾಡಿಸಿದೆವು. ಹುಡುಗಿಯು ಉಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಒಳ್ಳೆಯದಿದೆ, ಅಕ್ಕೋರೇ. ಆದರೆ ಅದಲ್ಲ" ಎಂದಳು.

ಅವಳು ಈಗ ಶಾಲೆಯನ್ನು ಬಿಟ್ಟು ಮುಂದಿನ ವ್ಯಾಸಂಗಕ್ಕೆ ಹೋಗಿದ್ದಾಳೆ. ಹುಡುಕುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ. ಆದಕಾರಣ ಸಿದ್ದಾಪುರ, ಶಿರಸಿ, ಯಲ್ಲಾಪುರದ ಕಡೆ ಇರುವ, ಅಥವಾ ಅಲ್ಲಿಗೆ ಮದುವೆಯಾಗಿ ಹೋಗಿರುವ ಹಳೆಯ ವಿದ್ಯಾರ್ಥಿನಿಯರನ್ನೂ, ಆ ಕಡೆಯ ತಂದೆತಾಯಿಗಳನ್ನೂ ನಾವು ಕೇಳಿಕೊಳ್ಳುವದೇನಂದರೆ, ನಿಮ್ಮ ಅಟ್ಟದ ಜಂತೆಯಲ್ಲಿ ಈ ಗುರುತಿನ ಮೊಗೆಕಾಯಿಯು ತೂಗುತ್ತಿದ್ದರೆ ದಯವಿಟ್ಟು ತಿಳಿಸಿರಿ: ತೊಟ್ಟಿನ ಕಡೆ ಸಪುರ, ಕೆಳಗೆ ಗುಂಡಗೆ, ಹಸಿರು ಸಿಪ್ಪೆಯ ಮೇಲೆ ಬೆಳ್ಳಗಿನ ಹತ್ತು ಗೆರೆಗಳು, ಹಣ್ಣಾದ ಮೇಲೂ ಗೆರೆಗಳು ಮಾಸುವದಿಲ್ಲ, ತಿರುಳು ತುಸು ಹುಳಿ, ಸಿಪ್ಪೆ ಎಂದೂ ಕಹಿಯಿಲ್ಲ, ನವರಾತ್ರಿಯವರೆಗೆ ಕೆಡದೆ ಉಳಿಯುವದು. ಬೇರೆ ಯಾವ ಹಿತ್ತಲ ಬೀಜವಾದರೂ ಸರಿಯೇ. ಹತ್ತು ಕಾಳುಗಳು ಸಾಕು. ಬೀಜದ ಹೆಸರು, ಊರು, ಯಾವ ಮಳೆಗೆ ಬಿತ್ತುವದು, ಯಾರ ಕೈಯಿಂದ ಬಂತು ಎಂಬದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಚೆನ್ನಾಗಿ ಒಣಗಿಸಿ ಕಾಗದದಲ್ಲಿ ಕಟ್ಟಿ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುವದು. ಬಂದ ಬೀಜಗಳನ್ನು ಇಡುವದಕ್ಕೆ ಹಾಸ್ಟೆಲಿನ ಅಡಿಗೆಮನೆಯಲ್ಲಿ, ಒಲೆಯ ಮೇಲ್ಗಡೆ, ಒಂದು ಹಲಗೆಯನ್ನು ಹೊಡೆಸಿದ್ದೇವೆ.